ಫಿಲೋಮಿನಾ ಅಕ್ಕ ಕುಡಿಯದ ಚಹಾ

ಫಿಲೋಮಿನಾ ಅಕ್ಕ ಮೀಟಿಂಗಿಗೆ ಬರುವಾಗ ಒಂದು ಗ್ಲಾಸು ಸುಲೈಮಾನಿ ಹಿಡಿದುಕೊಂಡೇ ಬರುತ್ತಿದ್ದರು. ಹಾಲಿಲ್ಲದ, ನಿಂಬೆ ಹಿಂಡಿದ ಬಿಸಿ ಚಹಾ. ಗ್ಲಾಸನ್ನು ಎರಡೂ ಕೈಗಳಲ್ಲಿ ಬಿಗಿಯಾಗಿ ಹಿಡಿದು ಕೂತರೆ ಮೀಟಿಂಗು ಮುಗಿಯುವವರೆಗೂ ಬಿಡುತ್ತಿರಲಿಲ್ಲ. ಕುಡಿಯುತ್ತಲೂ ಇರಲಿಲ್ಲ. ತುಂಬಿದ ಗ್ಲಾಸು ತಣ್ಣಗಾಗಿ ಹಾಗೆಯೇ ಪ್ಯಾಂಟ್ರಿಗೆ ವಾಪಸು ಹೋಗುತ್ತಿತ್ತು. ಅಲ್ಲಿ ಚಹಾ ಮಾಡುತ್ತಿದ್ದ ಬಂಟ್ವಾಳದ ಕಡೆಯ ಹಮೀದಾಕನಿಗೆ, ಎಂದರೆ ಹಮೀದಣ್ಣನಿಗೆ, ಇದರಿಂದ ಮನಸ್ಸಿಗೆ ಬಹಳ ಬೇಜಾರು.

"ಮೂವತ್ತು ವರ್ಷದಿಂದ ಈ ದುಬೈಯಲ್ಲಿ ಚಾ ಮಾಡುದು ಮಾರಾಯ ನಾನು. ಒಬ್ಬರೂ ಹೀಗೆ ಬಿಟ್ಟದ್ದಿಲ್ಲ. ಇಷ್ಟ ಇಲ್ಲದಿದ್ರೆ ಹೇಳ್ಲಿ. ದಿನಾ ಕೇಳಿ ತೆಕ್ಕೊಂಡು ಹೋಗುದು ಯಾಕೆ?"

ಏಸಿಯ ಚಳಿಗೆ ಕೈ ಕಾಯಿಸಿಕೊಳ್ಳುತ್ತಿರಬೇಕು ಎಂದು ನಾನು ಸಮಾಧಾನ ಹೇಳುತ್ತಿದ್ದೆ. ನಾನು ನಂಬಿದ್ದದ್ದೂ ಅದನ್ನೇ.

ನಮ್ಮದು ಹೊಸದಾಗಿ ಶುರುವಾದ ಕಂಪನಿಗಳಿಗೆ ಬಂಡವಾಳ ಹಾಕುವ ಸಣ್ಣ ಸಂಸ್ಥೆ. ಮಂಗಳೂರಿನ ಯಜಮಾನರು, ಅವರ ಇಬ್ಬರು ಪಾಲುದಾರರು. ನನ್ನ ಕಾರ್ಡಿನ ಮೇಲೆ ಅನಾಲಿಸ್ಟ್ ಎಂದಿದ್ದರೂ, ಉಡುಪಿಯಿಂದ ಬಂದ ನನ್ನ ನಿಜವಾದ ಕೆಲಸ ಮೂಲೆಯಲ್ಲಿ ಕೂತು, ಹಣ ಕೇಳಲು ಬಂದವರು ಏನು ಹೇಳಿದರು ಎಂದು ಬರೆದುಕೊಳ್ಳುವುದು. ಯಾರನ್ನು ಯಜಮಾನರ ಮುಂದೆ ಕೂರಿಸಬೇಕೆಂದು ಆರಿಸುವ ಕೆಲಸ ಫಿಲೋಮಿನಾ ಅಕ್ಕನದು. ಸಂಸ್ಥೆಯ ವೆಬ್‌ಸೈಟಿನಲ್ಲಿ 'ಆಫ್ರಿಕಾದ ಪ್ರತಿಭೆಗೆ ನಮ್ಮ ಬೆಂಬಲ' ಎಂಬ ಒಂದು ಪುಟವಿತ್ತು. ಅದರಲ್ಲಿ ಅಕ್ಕನ ದೊಡ್ಡ ಫೋಟೋ ಇತ್ತು.

ಆದರೆ ಅಕ್ಕ ಆಫ್ರಿಕಾವನ್ನು ಕಣ್ಣಿಂದ ಕಂಡವರೇ ಅಲ್ಲ. ಅವರದು ಹಳಿಯಾಳ ತಾಲೂಕು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಹಡಗೇರಿ ಬಂದು, ತಪ್ಪಿಸಿಕೊಂಡು ಕಾಡು ಸೇರಿ, ಕನ್ನಡ ನಾಡಿನವರೇ ಆಗಿಹೋದ ಸಿದ್ದಿಗಳ ಮನೆಯ ಮಗಳು. ಧಾರವಾಡದ ಹಾಸ್ಟೆಲಿನಲ್ಲಿ ಓದಿ, ಅಬುಧಾಬಿಗೆ ಬಂದು, ಎಲೆಕ್ಟ್ರಾ ಸ್ಟ್ರೀಟಿನ ಕಂಪ್ಯೂಟರ್ ಅಂಗಡಿಯಲ್ಲಿ ಬಿಲ್ಲು ಹಾಕುವುದರಿಂದ ಶುರು ಮಾಡಿದವರು. ಆಫ್ರಿಕಾದ ಲಾಗೋಸ್, ಕಂಪಾಲಾ, ನೈರೋಬಿಗಳಿಂದ ಬಂದು ಕಂಪ್ಯೂಟರಿನ ಬಿಡಿಭಾಗ ಕೊಳ್ಳುತ್ತಿದ್ದವರಲ್ಲಿ ಯಾರು ಏನನ್ನು ಕಟ್ಟುತ್ತಿದ್ದಾರೆ ಎಂದು ಕೌಂಟರಿನ ಈಚೆಯಿಂದ ವಿಚಾರಿಸುತ್ತಾ ವಿಚಾರಿಸುತ್ತಾ ಈ ವಿದ್ಯೆ ಕಲಿತವರು. ನಮ್ಮಲ್ಲಿಗೆ ಬಂದ ಮೊದಲ ವಾರ ಅವರ ಬಾಗಿಲಿಗೆ ಹಾಕಿದ ಫಲಕದಲ್ಲಿ 'ಸಿದ್ದಿ' ಹೋಗಿ 'ಸಿದ್ದಿಕಿ' ಎಂದಾಗಿತ್ತಂತೆ. ಹೋಗುವ ಬರುವವರೆಲ್ಲ ಸಲಾಂ ಹೇಳಿದರು, ಅಕ್ಕನೂ ನಗುತ್ತಾ ಸಲಾಂ ಹೇಳಿದರು.

ಸಿದ್ದಿ ಹೆಂಗಸರು ಹಳೆಬಟ್ಟೆಯ ತುಂಡು ಸೇರಿಸಿ ಹೊಲಿಯುವ ಕವದಿಯ ಬಗ್ಗೆ ನಾನೆಲ್ಲೋ ಓದಿದ್ದೆ. ಪರಿಚಯವಾದ ಹೊಸದರಲ್ಲಿ, ಊರಿಗೆ ಹೋದಾಗ ನನಗೊಂದು ಕವದಿ ತಂದುಕೊಡಿ ಅಕ್ಕ, ನೀವೇ ಹೊಲಿದದ್ದಾದರೆ ಇನ್ನೂ ಒಳ್ಳೆಯದು ಎಂದುಬಿಟ್ಟೆ.

"ನನಗ ಸೂಜಿಗೆ ದಾರ ಪೋಣಿಸಾಕೂ ಬರೂದಿಲ್ಲೋ ತಮ್ಮಾ. ನೀ ಉಡುಪಿಯಾಂವ ಅಂತ ನಾ ನಿನ್ನ ಕಡೆ ಮಸಾಲೆ ದೋಸಿ ಕೇಳೀನೇನು?" ಎಂದರು. ಮತ್ತೆ ನಾನು ಕವದಿಯ ಸುದ್ದಿ ಎತ್ತಲಿಲ್ಲ.

ಅವರ ಸಂಬಳಕ್ಕೆ ಸಿರಿವಂತರ ಮರೀನಾದಲ್ಲಿ ಮನೆ ಮಾಡಬಹುದಿತ್ತು. ಆದರೆ ಇದ್ದದ್ದು ಸತ್ವಾದಲ್ಲಿ, ದರ್ಜಿ ಅಂಗಡಿಗಳ ಮೇಲಿನ ಎರಡು ಕೋಣೆಯಲ್ಲಿ. ನಾನೂ ಅಲ್ಲೇ ಒಂದು ಹಳೆಯ ವಿಲ್ಲಾದಲ್ಲಿ, ಇನ್ನೂ ಆರು ಜನರಿದ್ದ ಕೋಣೆಯಲ್ಲಿ, ಒಂದು ಮಂಚದ ಜಾಗಕ್ಕೆ ಬಾಡಿಗೆ ಕೊಟ್ಟುಕೊಂಡಿದ್ದೆ. ಹಾಗಾಗಿ ಇಬ್ಬರಿಗೂ ಒಂದೇ ಬಸ್ಸು. ದಾಪುಗಾಲು ಹಾಕುವವರಲ್ಲ ಅವರು, ನಾಲ್ಕು ಹೆಜ್ಜೆಗೊಮ್ಮೆ ನಿಂತು ಯಾರನ್ನಾದರೂ ಮಾತಾಡಿಸಬೇಕು. ಅವರಿಂದಾಗಿ ನನಗೆ ತಪ್ಪಿದ ಬಸ್ಸುಗಳಿಗೆ ಲೆಕ್ಕವಿಲ್ಲ.

ಈಗ ನಾನು ನಾಚಿಕೆಪಟ್ಟುಕೊಂಡೇ ಹೇಳಬೇಕಾದ ಸಂಗತಿಗೆ ಬರುತ್ತೇನೆ.

ಒಂದು ಮಧ್ಯಾಹ್ನ ಇಬ್ಬರು ಬಂದಿದ್ದರು. ಮೊದಲನೆಯವನು ಯುರೋಪಿನ ಒಬ್ಬ ತರುಣ. ಸಾಕುನಾಯಿಗಳನ್ನು ವಾಕಿಂಗಿಗೆ ಕರೆದೊಯ್ಯುವವರನ್ನು ಹುಡುಕಿಕೊಡುವ ಆ್ಯಪ್ ಅವನದು. ಇನ್ನೂ ಒಂದು ನಾಯಿಯೂ ಸೇರಿರಲಿಲ್ಲ. ಎರಡನೆಯವಳು ಕಂಪಾಲಾದ ಎಸ್ತರ್. ದುಬೈಯಿಂದ ಪೂರ್ವ ಆಫ್ರಿಕಾಕ್ಕೆ ಹೋಗುವ ಔಷಧಿಗಳು ದಾರಿಯಲ್ಲಿ ಬಿಸಿಯಾಗಿ ಕೆಡುತ್ತವೆ. ಒಳಗೆ ಸೆಕೆ ಏರಿದ ಕೂಡಲೇ ಮೊಬೈಲಿಗೆ ಸಂದೇಶ ಕಳಿಸುವ ಪೆಟ್ಟಿಗೆಯನ್ನು ಅವಳು ಮಾಡಿದ್ದಳು. ನಾಲ್ಕಾರು ಔಷಧಿ ಕಂಪನಿಗಳು ಆಗಲೇ ಕೊಳ್ಳುತ್ತಿದ್ದವು. ತಿಂಗಳ ಕೊನೆಗೆ ಅವಳ ಕಂಪನಿಯ ಲೈಸೆನ್ಸು ಮುಗಿಯುವುದರಲ್ಲಿತ್ತು. ಬಂಡವಾಳ ಸಿಗದಿದ್ದರೆ ಕಂಪನಿ ಮುಚ್ಚಬೇಕು, ಅವಳ ಮತ್ತು ಅವಳ ನಾಲ್ವರು ಇಂಜಿನಿಯರುಗಳ ವೀಸಾ ರದ್ದಾಗಿ ಐದೂ ಜನ ಗಂಟುಮೂಟೆ ಕಟ್ಟಬೇಕು.

ಯಜಮಾನರು ಆ ತರುಣನನ್ನು, ಐದು ವರ್ಷದಲ್ಲಿ ಇದು ಎಷ್ಟು ದೊಡ್ಡದಾಗಬಹುದು ಎಂದು ಕೇಳಿದರು. ಎಸ್ತರಳನ್ನು, ನಮ್ಮ ಹಣ ಮುಳುಗಿದರೆ ಏನು ಗತಿ ಎಂದು ಕೇಳಿದರು. ಇಬ್ಬರೂ ಹೋದ ಮೇಲೆ, ಹುಡುಗನನ್ನು ಇನ್ನೊಮ್ಮೆ ಕರೆಯೋಣ, ಅವಳದು ಬೇಡ ಎಂದು ಎರಡೇ ನಿಮಿಷದಲ್ಲಿ ತೀರ್ಮಾನವಾಯಿತು. ಎಲ್ಲರೂ ಏಳುವಷ್ಟರಲ್ಲಿ ಅಕ್ಕ ಗ್ಲಾಸು ಹಿಡಿದ ಕೈ ಬಿಡದೆ ನನ್ನ ಕಡೆ ತಿರುಗಿದರು. ಅವರಿಗೆ ಸಿಟ್ಟು ಬಂದರೆ ಇಂಗ್ಲಿಷ್ ಮಾಯವಾಗಿ ಹಳಿಯಾಳದ ಕನ್ನಡ ಬರುತ್ತಿತ್ತು.

"ತಮ್ಮಾ, ಏನ್ ಬರ್ದೀ, ಜ್ವಾರಾಗಿ ಓದು."

ಓದಿದೆ. 'ಈ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವರು ಈ ಊರಲ್ಲಿಲ್ಲ' ಎಂದು ಇಬ್ಬರೂ ಹೇಳಿದ್ದರು. ಅವನ ಮಾತಿನ ಪಕ್ಕ ನಾನು 'ಆತ್ಮವಿಶ್ವಾಸವಿದೆ' ಎಂದು ಬರೆದಿದ್ದೆ. ಅವಳ ಮಾತಿನ ಪಕ್ಕ 'ಸ್ವಲ್ಪ ಜಂಬ'. ಒಂದು ಪ್ರಶ್ನೆಗೆ ಇಬ್ಬರೂ 'ಅದು ಈಗ ಗೊತ್ತಿಲ್ಲ' ಎಂದಿದ್ದರು. ಅವನಿಗೆ 'ಪ್ರಾಮಾಣಿಕ'. ಅವಳಿಗೆ 'ತಯಾರಿ ಸಾಲದು'.

"ಇಬ್ಬರೂ ಒಂದ ಮಾತು ಆಡ್ಯಾರ. ಅವಂದು ವಿಶ್ವಾಸ, ಆಕಿದು ಜಂಬ. ಹೆಂಗೋ?"

"ಅಲ್ಲ ಅಕ್ಕ... ಅವಳು ಹೇಳಿದ ಧಾಟಿ ಹಾಗಿತ್ತು."

"ಹೆಂಗಿತ್ತು? ಹಂಗ ಹೇಳಿ ತೋರ್ಸು ನೋಡೂಣು."

ಯಜಮಾನರು ನನ್ನ ಸಹಾಯಕ್ಕೆ ಬಂದರು. "ಎಂತ ಫಿಲೋಮಿನಾ, ಹುಡುಗ ಏನೋ ಬರೆದ. ಅಷ್ಟು ಸಣ್ಣದನ್ನು ಇಷ್ಟು ದೊಡ್ಡದು ಮಾಡುದಾ?"

"ಸಣ್ಣದೈತಿ ಅಂತನ ಕೇಳಾಕತ್ತೀನ್ರಿ ಸಾಹೇಬ್ರ. ನಾವು ರೊಕ್ಕ ಹಾಕೂದು ಬಿಡೂದು ಎಲ್ಲಾ ಇಂಥಾ ಸಣ್ಣ ಮಾತಿನ ಮ್ಯಾಲನ. ನೀವು ಕೇಳಿದ್ದನ್ನೂ ಓದಸ್ಲೇನ್ರಿ?"

ಬೇಡವೆನ್ನುವ ಮೊದಲೇ ನಾನು ಓದಿಬಿಟ್ಟೆ. ಹೆದರಿಕೆಯಿಂದ ಓದಿದ್ದೇ ಹೊರತು ಧೈರ್ಯದಿಂದಲ್ಲ. ಎಷ್ಟು ದೊಡ್ಡದಾಗಬಹುದು ಎಂಬುದು ಒಬ್ಬನಿಗೆ, ಮುಳುಗಿದರೆ ಏನು ಎಂಬುದು ಇನ್ನೊಬ್ಬಳಿಗೆ. ಯಜಮಾನರು ಕೆಟ್ಟವರಲ್ಲ. ತಮ್ಮ ಮಾತು ತಮ್ಮ ಕಿವಿಗೇ ಬಿದ್ದಾಗ ಕನ್ನಡಕ ತೆಗೆದು ಒರೆಸತೊಡಗಿದರು. ಆಮೇಲೆ, ಎಸ್ತರಳನ್ನು ಮುಂದಿನ ವಾರ ಇನ್ನೊಮ್ಮೆ ಕರೆಯಿರಿ ಎಂದರು. ಅಂದಿನಿಂದ ಎರಡು ನಿಯಮ ಬಂದವು. ಬಂದವರೆಲ್ಲರಿಗೂ ಒಂದೇ ಪಟ್ಟಿಯ ಆರು ಪ್ರಶ್ನೆ, ಅದೇ ಕ್ರಮದಲ್ಲಿ. ಮೀಟಿಂಗಿನಿಂದ ಏಳುವ ಮೊದಲು ಬರೆದದ್ದನ್ನು ಎಲ್ಲರೂ ಕೇಳುವಂತೆ ಓದಬೇಕು.

ನಾನು ಹಳೆಯ ಪುಟವನ್ನು ಹರಿದುಹಾಕಲು ಹೋದೆ. ಅಕ್ಕ ತಡೆದರು. "ಹರೀಬ್ಯಾಡ. ಇರ್ಲಿ ಅದು. ಮುಂದಿಂದು ನೆಟ್ಟಗ ಬರಿ. ಅವರು ಅಂದಿದ್ದು ಬರಿ, ನಿನಗ ಅನಿಸಿದ್ದು ಬ್ಯಾಡ."

ಎರಡು ದಿನ ಬಿಟ್ಟು ನನ್ನನ್ನು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿಗೆ, ಎಸ್ತರಳ ಶೆಡ್ಡಿಗೆ ಕರೆದುಕೊಂಡು ಹೊರಟರು. ಕಾರು ಬೇಡ, ಬಸ್ಸೇ. ದಾರಿಯಲ್ಲಿ ನಾನು ಬೇಕೆಂದು ಹಾಗೆ ಬರೆದದ್ದಲ್ಲ ಎಂದು ಮೆಲ್ಲಗೆ ಹೇಳಿದೆ.

"ಗೊತ್ತೈತಿ. ಬೇಕಂತ ಬರ್ದಿದ್ರ ನೌಕ್ರಿ ಬಿಡಿಸ್ತಿದ್ದೆ. ಗೊತ್ತಿಲ್ದ ಬರ್ದೀ ಅಂತನ ಓದಿಸಿದ್ದು." ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ ಮುಂದುವರಿಸಿದರು. "ಸಾಲ್ಯಾಗ ನಾ ಗಣಿತದಾಗ ಎಲ್ಲಾರಿಗಿಂತ ಮೊದಲು. ಮಾಸ್ತರು ನನ್ನ ಕಾರ್ಡಿನ್ಯಾಗ ಏನ್ ಬರ್ದಿದ್ರು ಗೊತ್ತೇನು? 'ಈ ಹುಡುಗಿ ಓಡುವುದರಲ್ಲಿ ಚುರುಕು.' ಸಿದ್ದಿ ಅಂದಮ್ಯಾಲೆ ಓಡಾಕ ಬೇಕಲ್ಲ! ನನಗ ಉಬ್ಬಸ ಇತ್ತೋ ತಮ್ಮಾ. ಬಸ್ಸಿನ ಹಿಂದ ಸೈತ ಓಡಾಕ ಬರೂದಿಲ್ಲ ನನಗ."

ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ದಿನ ತಪ್ಪಿದ ಬಸ್ಸುಗಳಿಗಾಗಿ ಅವರನ್ನು ಒಳಗೊಳಗೇ ಬೈದುಕೊಂಡಿದ್ದೆನಲ್ಲ, ಅದೂ ನೆನಪಾಯಿತು.

ಶೆಡ್ಡಿನಲ್ಲಿ ಎಸ್ತರ್ ಒಂದು ಪೆಟ್ಟಿಗೆಯನ್ನು ನನ್ನ ಕೈಗಿತ್ತು ಒಳಗಿನ ಸಣ್ಣ ತಂತಿಯನ್ನು ಮುಟ್ಟಲು ಹೇಳಿದಳು. ನನ್ನ ಬೆರಳಿನ ಬಿಸಿಗೇ ಅವಳ ಮೊಬೈಲು ಕಿರುಚಿಕೊಂಡಿತು. ನಾಲ್ವರು ಇಂಜಿನಿಯರುಗಳೂ ನಕ್ಕರು. ನಾನು ಅವಳು ಹೇಳಿದ್ದನ್ನಷ್ಟೇ ಬರೆದುಕೊಂಡೆ.

ಮುಂದಿನ ವಾರ ಯಜಮಾನರು ಪಟ್ಟಿ ನೋಡಿಕೊಂಡು, ಐದು ವರ್ಷದಲ್ಲಿ ಇದು ಎಷ್ಟು ದೊಡ್ಡದಾಗಬಹುದು ಎಂದು ಎಸ್ತರಳನ್ನು ಕೇಳಿದರು. ಈ ಊರಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ ಎಂದಳು. ಆಮೇಲೆ ಇಪ್ಪತ್ತು ನಿಮಿಷ ಅವಳನ್ನು ತಡೆಯುವವರಿರಲಿಲ್ಲ. ಲೈಸೆನ್ಸು ಮುಗಿಯಲು ನಾಲ್ಕು ದಿನ ಇರುವಾಗ ಹಣ ಮಂಜೂರಾಯಿತು. ಆ ದಿನವೂ ಅಕ್ಕನ ಗ್ಲಾಸು ತುಂಬಿಯೇ ಪ್ಯಾಂಟ್ರಿಗೆ ಹೋಯಿತು.

ಕೆಲವು ತಿಂಗಳ ಮೇಲೆ ಅಬುಧಾಬಿಯಲ್ಲಿ ಒಂದು ದೊಡ್ಡ ಸಭೆ. ವೇದಿಕೆಯ ಮೇಲೆ ಆಫ್ರಿಕಾದ ಪರವಾಗಿ ಫಿಲೋಮಿನಾ ಕೂರಲಿ ಎಂದು ಯಜಮಾನರು ಹೆಸರು ಕೊಟ್ಟರು. ಅಕ್ಕ ಅಲ್ಲಿಗೆ ಹೋಗಿ, ತಮ್ಮ ಕುರ್ಚಿಯಲ್ಲಿ ಎಸ್ತರಳನ್ನು ಕೂರಿಸಿ, ತಾವು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಬಂದು ಕೂತರು.

"ನಾ ಕೂತ್ರ ಫೋಟೋ ಚಲೋ ಬರ್ತೈತಿ. ಆಕಿ ಕೂತ್ರ ಕೆಲಸ ಆಗ್ತೈತಿ," ಎಂದರು.

ಕೆಲಸವೇನೋ ಆಯಿತು. ಎಸ್ತರಳ ಪೆಟ್ಟಿಗೆಗೆ ಅಲ್ಲಿಯೇ ಇಬ್ಬರು ಹೊಸ ಗಿರಾಕಿಗಳು ಸಿಕ್ಕರು. ಆದರೆ ಯಜಮಾನರಿಗೆ ಬೇಕಾದ ಫೋಟೋ ಬರಲಿಲ್ಲ. ಅವರ ಮುಖ ಅಂದಿನಿಂದ ಗಂಟು ಹಾಕಿಕೊಂಡದ್ದು ಸಡಿಲವಾಗಲೇ ಇಲ್ಲ.

ವರ್ಷ ತುಂಬಿ ಅಕ್ಕನ ಕರಾರು ಮುಂದುವರಿಸುವ ಪ್ರಶ್ನೆ ಬಂತು. ಆ ಮೀಟಿಂಗಿಗೆ ಅವರನ್ನು ಕರೆಯಲಿಲ್ಲ. ನಾನು ಮೂಲೆಯಲ್ಲಿ ಕೂತು ಬರೆದುಕೊಂಡೆ. ಮುಗಿದಾಗ ಯಜಮಾನರು "ಖಲಾಸ್, ಇವತ್ತು ಓದುದು ಬೇಡ" ಎಂದು ಎದ್ದರು. ನನಗೆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ, ನಿಯಮ ಉಂಟಲ್ಲ ಸರ್ ಎಂದು ನಿಂತುಕೊಂಡೇ ಓದತೊಡಗಿದೆ. 'ಕೆಲಸದಲ್ಲಿ ತಪ್ಪಿಲ್ಲ. ಆರಿಸಿದ ಕಂಪನಿಗಳು ಚೆನ್ನಾಗಿ ನಡೆಯುತ್ತಿವೆ. ಆದರೆ ಹೊಂದಿಕೊಂಡು ಹೋಗುವ ಗುಣವಿಲ್ಲ. ನಾವು ಕೊಟ್ಟ ಅವಕಾಶಕ್ಕೆ ಕೃತಜ್ಞತೆ ಕಾಣುವುದಿಲ್ಲ.' ಕಾಗದ ಕೈಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಯಜಮಾನರು ಈ ಸಲ ಕನ್ನಡಕ ಒರೆಸಲಿಲ್ಲ. ಅಕ್ಕನ ಕರಾರು ಮುಂದುವರಿಸುವುದಿಲ್ಲ ಎಂಬ ತೀರ್ಮಾನವೂ ಬದಲಾಗಲಿಲ್ಲ.

ಅಕ್ಕನನ್ನು ನಾನು ಕೊನೆಗೆ ನೋಡಿದ್ದು ಸತ್ವಾದ ಬಸ್ ಸ್ಟಾಪಿನಲ್ಲಿ. ಎಸ್ತರ್ ಕಂಪಾಲಾದಲ್ಲಿ ತೆರೆಯುತ್ತಿದ್ದ ಕಚೇರಿಯನ್ನು ನೋಡಿಕೊಳ್ಳಲು ಹೊರಟಿದ್ದರು. ಒಂದೇ ಸೂಟ್‌ಕೇಸು, ಏರ್‌ಪೋರ್ಟಿಗೂ ಬಸ್ಸೇ.

"ಯಾವಾಗ ನಿಮ್ಮ ದೇಶಕ್ಕ ಹೋಗ್ತಿ ಅಂತ ಸಣ್ಣಾಕಿದ್ದಾಗಿಂದ ಕೇಳ್ತಿದ್ರಲ್ಲೋ ಎಲ್ಲಾರೂ," ಎಂದು ನಕ್ಕರು. "ಈಗ ಹೊಂಟೀನಿ ನೋಡು. ವೀಸಾ ತಗೊಂಡು."

ನಾನು ಅಂದು ಓದಿದ ಸಂಗತಿ ಹೇಳಿದೆ.

"ಪೂರ್ತಿ ಓದಿದಿ?"

"ಪೂರ್ತಿ ಅಕ್ಕ. ಆದರೆ ಕೈ ತುಂಬಾ ನಡುಗ್ತಿತ್ತು. ನಿಮ್ಮ ಹಾಗೆ ಧೈರ್ಯ ನನಗಿಲ್ಲ."

"ಯಾವ ಧೈರ್ಯೋ? ನನ್ನ ಕೈ ದಿನಾ ನಡಗ್ತಿತ್ತು." ಎರಡೂ ಅಂಗೈಗಳನ್ನು ನನ್ನ ಮುಂದೆ ಹಿಡಿದು ತೋರಿಸಿದರು. "ಅವರಿಗೆ ಕಾಣಬಾರದು ಅಂತ ಗ್ಲಾಸು ಹಿಡಕೊಂಡು ಕುಂಡ್ರತಿದ್ದೆ. ಕುಡಿಯಾಕ ಎತ್ತಿದ್ರ ಚೆಲ್ಲತಿತ್ತು. ಹಮೀದಾಕಗ ಹೇಳು, ಚಹಾದಾಗ ಏನೂ ತಪ್ಪಿದ್ದಿಲ್ಲ ಅಂತ."

ಬಸ್ಸು ಬಂತು. ಅವಸರವಿಲ್ಲದೆ ನಡೆದುಹೋಗಿ ಹತ್ತಿದರು.

ಆಫೀಸಿನಲ್ಲಿ ಅವರ ಕುರ್ಚಿ ಬಹಳ ದಿನ ಖಾಲಿಯಿತ್ತು. ವೆಬ್‌ಸೈಟಿನಲ್ಲಿ ಆ ಫೋಟೋ ಮಾತ್ರ ಇನ್ನೂ ಇದೆ. ಆರು ಪ್ರಶ್ನೆಗಳ ಪಟ್ಟಿಯನ್ನು ಯಜಮಾನರು ಆಗಾಗ ಮರೆಯುತ್ತಾರೆ, ನಾನು ಎದ್ದು ನೆನಪಿಸಬೇಕಾಗುತ್ತದೆ. ಅದಕ್ಕೇ ಮೀಟಿಂಗಿಗೆ ಹೋಗುವ ಮೊದಲು ಪ್ಯಾಂಟ್ರಿಗೆ ಹೋಗಿ ಒಂದು ಗ್ಲಾಸು ಸುಲೈಮಾನಿ ಕೇಳುತ್ತೇನೆ. ಅಕ್ಕನ ಮಾತು ಮುಟ್ಟಿಸಿದ್ದೇನೆ, ತುಂಬಿದ ಗ್ಲಾಸು ವಾಪಸು ಬಂದರೆ ಹಮೀದಾಕ ಈಗ ಏನೂ ಹೇಳುವುದಿಲ್ಲ.