ರೇಡಿಯೊನ ಬಾಯಲ್ಲಿ ನಿಲ್ಲದ ಗುಳಿಗೆ

ಜಿಲ್ಲಾ ಕಾರಾಗೃಹದ ಔಷಧಿ ಕೋಣೆಯ ಸಿಸ್ಟರ್‌ಗೆ ಮನುಷ್ಯರ ಮುಖಕ್ಕಿಂತ ಅವರ ನಾಲಿಗೆಯ ಅಡಿಭಾಗವೇ ಹೆಚ್ಚು ಪರಿಚಿತ. ನಶೆ ಬಿಡುತ್ತಿರುವ ಕೈದಿಗಳಿಗೆ ಅವರು ಕೊಡುವ ಗುಳಿಗೆಯನ್ನು ನುಂಗುವಂತಿಲ್ಲ. ನಾಲಿಗೆಯ ಕೆಳಗಿಟ್ಟುಕೊಂಡು, ಅದು ಪೂರ್ತಿ ಕರಗುವವರೆಗೆ ಬಾಯಿ ಮುಚ್ಚಿ ಕುಳಿತಿರಬೇಕು. ನುಂಗಿದರೆ ಮದ್ದಿನ ಬಹುಪಾಲು ವ್ಯರ್ಥ. ಕದ್ದು ಉಗುಳಿ ಇಟ್ಟುಕೊಂಡರೆ ಮತ್ತೊಬ್ಬನಿಗೆ ಮಾರಾಟ. ಆದ್ದರಿಂದ ಸಿಸ್ಟರ್ ಕೈಯಲ್ಲಿ ಸದಾ ಟಾರ್ಚು, ಬಾಯಲ್ಲಿ ಸದಾ ಒಂದೇ ಮಂತ್ರ: "ಆ ಅನ್ನು. ನಾಲಿಗೆ ಎತ್ತು. ಎಡಗಡೆ ತೋರ್ಸು, ಬಲಗಡೆ ತೋರ್ಸು."

ಈ ಅಭ್ಯಾಸ ಜೈಲಿನ ಗೋಡೆ ಹಾರಿ ಹೊರಗೂ ಬಂದಿತ್ತು. ಒಮ್ಮೆ ಮಗಳ ಕಡೆಯ ಬೀಗರು ಊಟ ಮುಗಿಸಿ ಎದ್ದಾಗ ಸಿಸ್ಟರ್ ಯಾವುದೋ ಯೋಚನೆಯಲ್ಲಿ "ನಾಲಿಗೆ ಎತ್ತಿ" ಎಂದುಬಿಟ್ಟಿದ್ದರು. ಬೀಗರು ಎತ್ತಿಯೂ ತೋರಿಸಿದ್ದರು. ಮನೆಯಲ್ಲಿ ಈ ತಪಾಸಣೆಗೆ ನಿತ್ಯ ಗುರಿಯಾಗುವವರು ಅತ್ತೆ. ರಕ್ತದೊತ್ತಡದ ಮಾತ್ರೆಯನ್ನು ದವಡೆಯ ಮೂಲೆಗೆ ತಳ್ಳಿ, ಸೊಸೆ ಅತ್ತ ತಿರುಗಿದೊಡನೆ ಕಿಟಕಿಯಾಚೆ ಉಗುಳುವುದರಲ್ಲಿ ಅವರನ್ನು ಮೀರಿಸುವ ಕೈದಿ ಇನ್ನೂ ಹುಟ್ಟಿರಲಿಲ್ಲ.

ಜೈಲಿನ ರೋಗಿಗಳಲ್ಲಿ ಸಿಸ್ಟರ್‌ಗೆ ತಲೆನೋವಾಗಿದ್ದವನು, ಬಿಡುವಿಲ್ಲದ ಮಾತಿನಿಂದ ರೇಡಿಯೊ ಎಂದೇ ಹೆಸರಾದ ಕೈದಿ. ಮೊದಲು ಖಾಸಗಿ ಬಸ್ಸಿನ ಕಂಡಕ್ಟರ್. ನೋವಿನ ಮಾತ್ರೆಯಿಂದ ಶುರುವಾದ ಚಟ ಕಳ್ಳತನದವರೆಗೆ ಎಳೆದು ಇಲ್ಲಿಗೆ ತಂದು ಹಾಕಿತ್ತು. ಬೆಳಿಗ್ಗೆಯೆಲ್ಲ ಅವನ ಬಾಯಿಗೆ ಬೀಗವಿಲ್ಲ. ಮಧ್ಯಾಹ್ನವಾದರೆ ಮಾತ್ರ ಕೈ ನಡುಗಿ, ಮೈ ಬೆವರಿ, ಗೋಡೆಗೆ ಮುಖ ಮಾಡಿ ಮುದುಡಿ ಮಲಗುತ್ತಿದ್ದ. ರೇಡಿಯೊ ಬಂದ್ ಆಯಿತೆಂದರೆ ಸಿಸ್ಟರ್ ಕೈಲಿದ್ದ ಕೆಲಸ ಬಿಟ್ಟು ಬಂದು ಇಣುಕುತ್ತಿದ್ದರು. ಬದುಕುವುದು ಸಾಕು ಎಂದು ಅವನು ಒಮ್ಮೆ ಹೇಳಿದ್ದು ಅಂಥದೇ ಒಂದು ಮಧ್ಯಾಹ್ನ. ಡೋಸು ಸಾಲುತ್ತಿಲ್ಲವೆಂದೇ ಸಿಸ್ಟರ್ ಭಾವಿಸಿದ್ದರು.

ಅಷ್ಟರಲ್ಲಿ ಅವನು ಕೂರುವ ಬೆಂಚಿನ ಕೆಳಗೆ ಅರ್ಧ ಕರಗಿದ ಗುಳಿಗೆಯೊಂದು ಜೈಲರ್ ಸಾಹೇಬರ ಬೂಟಿಗೆ ಅಂಟಿಕೊಂಡಿತು.

"ನೋಡಿ ಸಿಸ್ಟರ್, ವ್ಯಾಪಾರ ಶುರುವಾಗಿದೆ. ನಾಳೆಯಿಂದ ಇವನಿಗೆ ಗುಳಿಗೆ ಬಂದ್."

"ಬಂದ್ ಮಾಡಿದ್ರೆ ಅವನು ಉಳಿಯಲ್ಲ ಸಾರ್. ಎರಡು ದಿನ ಟೈಮ್ ಕೊಡಿ."

ಸಾಹೇಬರು ಕೆಟ್ಟವರಲ್ಲ. ಒಮ್ಮೆ ಕಂಡದ್ದನ್ನು ಸಾರ್ವತ್ರಿಕ ನಿಯಮವೆಂದು ನಂಬುವ ಸ್ವಭಾವ ಅಷ್ಟೆ. ಅದು ಸಮವಸ್ತ್ರವಿಲ್ಲದವರಲ್ಲೂ ಧಾರಾಳವಾಗಿದೆ. ಕಾಲಾವಕಾಶವೇನೋ ಸಿಕ್ಕಿತು.

ಮನೆಗೆ ಬಂದ ಸಿಸ್ಟರ್ ಚಿಂತೆಯನ್ನೆಲ್ಲ ಅತ್ತೆಯ ಮುಂದೆ ತೋಡಿಕೊಂಡರು. ಅತ್ತೆ ಕಾಲು ನೀಡಿ ಕುಳಿತು, ಪರಿಣತರ ಗಾಂಭೀರ್ಯದಿಂದ ವಿಚಾರಣೆ ನಡೆಸಿದರು.

"ಗುಳಿಗೆ ಬಾಯಲ್ಲಿರುವಾಗ ಅವನು ಮಾತಾಡ್ತಾನಾ?"

"ನಾನು ಬೇರೆಯವರ ಬಾಯಿ ನೋಡ್ತಿರ್ತೀನಿ, ಹಿಂದಿನಿಂದ ಅವನ ದನಿ ಕೇಳ್ತಾನೇ ಇರುತ್ತೆ."

"ಹಾಗಾದ್ರೆ ಅವನು ಕಳ್ಳ ಅಲ್ಲ ಕಣೇ. ಬಚ್ಚಿಡೋರು ತುಟಿ ಬಿಚ್ಚಲ್ಲ. ಮಾತಾಡಿದ್ರೆ ಗುಳಿಗೆ ದವಡೇಲಿ ನಿಲ್ಲುತ್ತಾ? ಒಂದೋ ಗಂಟಲಿಗೆ ಜಾರುತ್ತೆ, ಇಲ್ಲ ಆಚೆ ಹಾರುತ್ತೆ. ನನಗೆ ಗೊತ್ತಿಲ್ವಾ?"

"ನಿಮಗೆ ಹೇಗೆ ಗೊತ್ತು ಅತ್ತೆ?"

ಅತ್ತೆ ಮಡಿಲ ಮೇಲೆ ಸೆರಗು ಎಳೆದುಕೊಂಡರು. ಸಿಸ್ಟರ್ ಟಾರ್ಚು ತಂದರು. ಆ ಸಂಜೆಯ ಮಾತ್ರೆ ಮಾತಿನ ಭರದಲ್ಲಿ ದವಡೆಯಿಂದ ಹಾರಿ ಸೆರಗಿನಡಿ ಬಿದ್ದಿತ್ತು.

ಮರುದಿನ ಸಿಸ್ಟರ್ ರೇಡಿಯೊನನ್ನು ಎದುರಿಗೇ ಕೂರಿಸಿಕೊಂಡರು.

"ನೀನು ಗುಳಿಗೆ ಮಾರ್ತಿಲ್ಲ, ಮಾತಲ್ಲಿ ಕಳ್ಕೊಳ್ತಿದೀಯ. ಇವತ್ತು ಕರಗೋವರೆಗೂ ಉಸಿರೆತ್ತಬೇಡ. ಸಾಹೇಬ್ರು ಇಲ್ಲೇ ಕೂತು ನೋಡ್ತಾರೆ. ಬಾಯಿ ಬಿಟ್ಟೆಯೋ, ನಾಳೆಯಿಂದ ಗುಳಿಗೆ ಇಲ್ಲ."

"ಬಿಡಿ ಸಿಸ್ಟರ್, ನಾನು ಮನಸ್ಸು ಮಾಡಿದ್ರೆ ಕಲ್ಲು. ನಮ್ಮ ಬಸ್ಸಲ್ಲಿ ಒಂದ್ಸಲ ಏನಾಯ್ತು ಅಂದ್ರೆ..."

ಸಿಸ್ಟರ್ ಗುಳಿಗೆಯನ್ನು ಅವನ ನಾಲಿಗೆಯಡಿ ಇಟ್ಟು ಕಥೆಗೆ ಅಲ್ಲೇ ತಡೆ ಹಾಕಿದರು.

ಜೈಲರ್ ಸಾಹೇಬರು ಕುರ್ಚಿ ಎಳೆದುಕೊಂಡು ಕುಳಿತರು. ಸುಮ್ಮನೆ ಕೂರುವುದು ಅವರಿಗೂ ಒಗ್ಗದ ವಿದ್ಯೆ. ಹೊತ್ತು ಕಳೆಯಲು ಮಾತು ತೆಗೆದರು.

"ನಿನ್ನೆ ನನ್ನ ಜೀಪು ಕೆಟ್ಟಿತ್ತು ಸಿಸ್ಟರ್. ಬಸ್ಸಲ್ಲಿ ಹೋದೆ. ಕಂಡಕ್ಟರ್ 'ಹಿಂದೆ ಖಾಲಿ ಇದೆ, ಹಿಂದೆ ಹೋಗಿ' ಅಂತ ಕೂಗ್ತಾನೆ, ಅಲ್ಲಿ ನೋಡಿದ್ರೆ ಮೊಣಕೈ ಇಡೋಕೂ ಜಾಗ ಇಲ್ಲ. ಈ ಕಂಡಕ್ಟರ್‌ಗಳೆಲ್ಲ ಹುಟ್ಟಾ ಸುಳ್ಳರು."

ರೇಡಿಯೊನ ಕಣ್ಣುಗುಡ್ಡೆಗಳು ಹೊರಬರುವುದೊಂದು ಬಾಕಿ. ಕುತ್ತಿಗೆಯ ನರ ಉಬ್ಬಿತು. ಎರಡೂ ಕೈಯಿಂದ ಬೆಂಚಿನ ಅಂಚು ಹಿಡಿದು, ಕೆಟ್ಟ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕುಳಿತವನಂತೆ ಕುಲುಕಾಡಿದ. ಸಿಸ್ಟರ್ ಅವನ ಹೆಗಲ ಮೇಲೆ ಕೈಯಿಟ್ಟರು. ಸಾಹೇಬರಿಗೆ ಹುರುಪು ಬಂದು, ಚಾಲಕರನ್ನೂ ಕ್ಲೀನರುಗಳನ್ನೂ ಸೇರಿಸಿ ಜಾಲಾಡಿದರು. ರೇಡಿಯೊನ ಕಣ್ಣಲ್ಲಿ ನೀರು ಸುರಿಯಿತು. ತುಟಿ ಮಾತ್ರ ಬಿಚ್ಚಲಿಲ್ಲ.

ಕೊನೆಗೆ ಟಾರ್ಚು ಬೆಳಗಿತು. "ಆ ಅನ್ನು. ಎತ್ತು." ನಾಲಿಗೆಯಡಿ ಏನೂ ಉಳಿದಿರಲಿಲ್ಲ. ಸಾಹೇಬರೂ ಬಗ್ಗಿ ನೋಡಿದರು. ಅದೇ ಗಳಿಗೆಯಲ್ಲಿ ರೇಡಿಯೊ ಸಿಡಿದ.

"ಹಿಂದೆ ಜಾಗ ಇದ್ದೇ ಇರುತ್ತೆ ಸಾರ್! ನಿಮ್ಮಂಥೋರು ಬಾಗಿಲಲ್ಲೇ ಕಂಬದ ಹಾಗೆ ನಿಂತ್ರೆ ಯಾರಪ್ಪ ಹಿಂದೆ ಹೋಗ್ತಾನೆ?"

ಸಾಹೇಬರು ಮುಖ ಒರೆಸಿಕೊಂಡರು.

ಆ ಮಧ್ಯಾಹ್ನ ರೇಡಿಯೊ ಗೋಡೆಯ ಕಡೆ ತಿರುಗಲಿಲ್ಲ. ತುಂಬಿದ ಲೋಟ ಎತ್ತಿ ನೀರು ಕುಡಿದ, ಹನಿಯೂ ಚೆಲ್ಲಲಿಲ್ಲ. ಆದರೂ ಒಂದು ದಿನದ ಫಲ ಪುರಾವೆಯಾಗದು ಎಂದರು ಸಾಹೇಬರು. ನಿಜವೇ ಎಂದರು ಸಿಸ್ಟರ್. ಹಾಗಾಗಿ ಪರೀಕ್ಷೆ ವಾರವಿಡೀ ನಡೆಯಿತು. ಸಾಹೇಬರು ದಿನಾ ಬಂದು, ತಮಗಾಗದ ನೆರೆಯವರಿಂದ ಹಿಡಿದು ಸ್ವಂತ ಭಾವಮೈದುನನವರೆಗೆ ಎಲ್ಲರನ್ನೂ ಬೈದರು. ಎದುರು ಮಾತಾಡದ ಕೇಳುಗ ಅವರಿಗೆ ಮನೆಯಲ್ಲೂ ಸಿಕ್ಕಿರಲಿಲ್ಲ. ರೇಡಿಯೊನ ಕೈ ಆಮೇಲೆ ಒಂದು ಮಧ್ಯಾಹ್ನವೂ ನಡುಗಲಿಲ್ಲ.

"ಗುಳಿಗೆ ಮುಂದುವರಿಸಿ," ಎಂದರು ಸಾಹೇಬರು ಶನಿವಾರ. "ಬಿಡುಗಡೆ ಆದ ಮೇಲೂ ಆಸ್ಪತ್ರೆಯಲ್ಲಿ ಸಿಗೋ ಹಾಗೆ ನಾನೇ ಮಾತಾಡ್ತೀನಿ."

ಸಿಸ್ಟರ್ ನಿಟ್ಟುಸಿರು ಬಿಟ್ಟು ಬೆಂಚಿನ ಮೇಲೆ ಕುಳಿತರು. ಹೊಸ್ತಿಲು ದಾಟಿದ್ದ ಸಾಹೇಬರು ಮತ್ತೆ ತಲೆ ಒಳಗೆ ಹಾಕಿ, ತಗ್ಗಿದ ದನಿಯಲ್ಲಿ ಕೇಳಿದರು:

"ಅಲ್ಲಾ ಸಿಸ್ಟರ್, ಇನ್ನೂ ಸ್ವಲ್ಪ ನಿಧಾನಕ್ಕೆ ಕರಗೋ ಗುಳಿಗೆ ಏನಾದ್ರೂ ಸಿಗುತ್ತಾ?"