ವಾಪಸ್ ಹೋದ ಟೆಂಪೋ

ಹೋದ ತಿಂಗಳು ಅಜ್ಜಂಪುರದ ನಮ್ಮ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪ್ರಯೋಗಾಲಯದ ಮೇಜಿನ ಮೇಲೆ ಒಂದು ಎಳೆ ತೆಂಗಿನಕಾಯಿ ಇಟ್ಟು ಅದರ ತೊಟ್ಟು ಬಿಡಿಸಿದಳು. ಹಸಿ ಸಿಪ್ಪೆಯ ಒಗರು ವಾಸನೆ ಕೋಣೆಯಲ್ಲೆಲ್ಲ ಹರಡಿತು. ಸರ್ಕಾರದ ಅನುದಾನ ಬಂದು, ಗೋಡೆಗೆ ಬಣ್ಣ ಬಳಿದು, ಈ ವರ್ಷವಷ್ಟೇ ತೆರೆದ ಕೋಣೆ ಅದು. ನಾನು ಅಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳಿಗೆ ಏನೋ ಹೇಳುತ್ತಿದ್ದವಳು ಮಾತು ಮರೆತು ಕಿಟಕಿಯ ಹತ್ತಿರ ಹೋಗಿ ನಿಂತೆ. ಆ ವಾಸನೆಯ ಜೊತೆಗೆ ನಮ್ಮ ಮೇಡಂ ಬಂದುಬಿಟ್ಟಿದ್ದರು...

ಮೇಡಂ ಅಂದರೆ ನಮಗೆ ಆಗ ಒಬ್ಬರೇ. ಪಂಚನಹಳ್ಳಿಯ ಆಚೆಗಿನ ನಮ್ಮೂರ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ದಿನಾ ಕಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೋರ್ಡಿನಿಂದ ಕಡೆಯ ಬೆಂಚಿಗೆ, ಅಲ್ಲಿಂದ ಬಾಗಿಲಿಗೆ, ಮತ್ತೆ ಬೋರ್ಡಿಗೆ ಓಡಾಡುತ್ತಲೇ ಪಾಠ ಮಾಡುತ್ತಿದ್ದರು. ನಮ್ಮ ಉತ್ತರ ಪೂರ್ತಿ ಆಗುವ ಮೊದಲೇ "ಹೂಂ, ಮುಂದೆ?" ಅನ್ನುತ್ತಿದ್ದರು. ಅವರ ಪಾಠ ಕೇಳಿ ಮನೆಗೆ ಬಂದರೆ ನಮಗೂ ಕಾಲು ನಿಲ್ಲುತ್ತಿರಲಿಲ್ಲ.

ಶಾಲೆಯಲ್ಲಿ ಲ್ಯಾಬು ಅಂತ ಇದ್ದದ್ದು ಒಂದು ಕಬ್ಬಿಣದ ಬೀರು. ಅದರೊಳಗೆ ಬಾಯಿ ಒಡೆದ ಬೀಕರುಗಳು, ಶಕ್ತಿ ಕಳೆದುಕೊಂಡ ಅಯಸ್ಕಾಂತ, ಇಲಿ ಕಡಿದ ಒಂದು ಚಾರ್ಟು. ಸೂಕ್ಷ್ಮದರ್ಶಕವನ್ನು ನಾವು ಯಾರೂ ಕಣ್ಣಿಂದ ನೋಡಿರಲಿಲ್ಲ. ಅದರ ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು ಮಾತ್ರ ಎಲ್ಲರಿಗೂ ಬಾಯಿಪಾಠ. ನಾನು ಆಗ ಎಂಟನೇ ಕ್ಲಾಸು, ನನ್ನ ಅಕ್ಕ ಹತ್ತನೇದು. ಅವಳು ಬರೆದ ಚಿತ್ರ ಅಚ್ಚು ಹಾಕಿದ ಹಾಗಿತ್ತೆಂದು ಮೇಡಂ ಅದನ್ನು ಗೋಡೆಗೆ ಅಂಟಿಸಿದ್ದರು. ಅಂಟಿಸಿದವರೇ ಅದರ ಮುಂದೆ ನಿಂತು, "ಎಷ್ಟ್ ಚೆನ್ನಾಗಿದೆ ನೋಡಿ. ನಂಗೆ ಸಿಟ್ಟೇ ಬರುತ್ತೆ," ಅಂದಿದ್ದರು. ಆಗ ನಮಗೆ ಆ ಸಿಟ್ಟು ಅರ್ಥವಾಗಲಿಲ್ಲ.

ಶಾಲಾ ಸಮಿತಿಗೆ ನನ್ನ ಅಪ್ಪನೇ ಅಧ್ಯಕ್ಷ. ಅಪ್ಪನದು ಕೊಬ್ಬರಿ ವ್ಯಾಪಾರ. ಓದಿದ್ದು ಕಡಿಮೆಯಾದರೂ ಮಾತು ಜೋರು. ಮೇಡಂ ಪಾಠ ಮುಗಿಸಿ ಬಸ್ಸಿಗೆ ಹೋಗುವಾಗ ನಮ್ಮ ಅಂಗಡಿಯ ಮುಂದೆ ನಿಂತು, "ಸರ್, ಶಿಕ್ಷಣಾಧಿಕಾರಿ ಆಫೀಸಿಗೆ ಹೋಗಿದ್ರಾ? ಲ್ಯಾಬ್ ಗ್ರಾಂಟ್ ವಿಷಯ ಕೇಳಿದ್ರಾ?" ಅನ್ನುತ್ತಿದ್ದರು. ಅಪ್ಪ, "ಕೇಳಾನ ಬಿಡಿ ಮೇಡಮ್ಮೋರೇ, ಸರ್ಕಾರದ್ ಕೆಲ್ಸ, ಅವಸರ ಮಾಡಿದ್ರೆ ಆಯ್ತದಾ?" ಅನ್ನುತ್ತಿದ್ದ. ಮೇಡಂಗೆ ಅವಸರವಿತ್ತು. ಕಡೆಗೆ ಇಬ್ಬರೂ ಓಡಾಡಿ, ಸಹಿ ಮಾಡಿಸಿ, ಅನುದಾನ ಮಂಜೂರಾಯಿತು.

ಸಾಮಾನು ಹೊತ್ತ ಟೆಂಪೋ ಬಂದದ್ದು ಮಾರ್ಚ್ ಕೊನೆಯಲ್ಲಿ, ಉರಿಬಿಸಿಲಿನ ಹೊತ್ತಿಗೆ. ಹತ್ತನೆಯವರು ಪರೀಕ್ಷೆಗೆ ಓದಿಕೊಳ್ಳುತ್ತಿದ್ದರು. ಎಲ್ಲರೂ ಎದ್ದು ಜಗಲಿಗೆ ಓಡಿದೆವು. ಸರಬರಾಜಿನವನು ಎಲ್ಲಿಂದಲೋ ಬಂದವನು, ಹೆಗಲ ಮೇಲೆ ಟವೆಲ್ಲು. ಡಬ್ಬಗಳನ್ನು ಇಳಿಸಿ ಸಾಲಾಗಿ ಇಟ್ಟ. ಮೇಡಂ ಮೊದಲ ಡಬ್ಬ ತೆರೆದು ಸೂಕ್ಷ್ಮದರ್ಶಕವನ್ನು ಎತ್ತಿದಾಗ ನಾವು ಚಪ್ಪಾಳೆ ತಟ್ಟಿದೆವು. ಎತ್ತಿದ ಕೈ ಅರ್ಧದಲ್ಲೇ ನಿಂತಿತು. ಸೂಕ್ಷ್ಮದರ್ಶಕಕ್ಕೆ ತೂಕವೇ ಇರಲಿಲ್ಲವಂತೆ.

ಬಿಸಿಯೂಟದ ಅಡುಗೆಮನೆಯಿಂದ ಒಂದು ಈರುಳ್ಳಿ ತರಿಸಿದರು. ಅದರ ತೆಳುವಾದ ಪೊರೆ ಬಿಡಿಸಿ ಗಾಜಿನ ಮೇಲಿಟ್ಟು ಕಣ್ಣಿಟ್ಟರು. ತಿರುಪು ತಿರುಗಿಸಿದರು. ಇನ್ನೊಂದು ತೆಗೆದರು, ಮತ್ತೊಂದು ತೆಗೆದರು. ಆಮೇಲೆ ಮುಖ ಎತ್ತಿ, "ಏನೂ ಕಾಣಲ್ಲ. ಬರೀ ಮಂಜು. ಇದು ಆಟದ ಸಾಮಾನು ಕಣ್ರೀ," ಅಂದರು.

"ಎಲ್ಲಾ ಸ್ಕೂಲ್ನೋರೂ ಇಳಿಸ್ಕೊಂಡವ್ರೆ. ನಿಮ್ದೇನ್ರೀ ಹೊಸಾದು?" ಅಂದ ಸರಬರಾಜಿನವನು.

ಹೆಡ್ ಮೇಷ್ಟ್ರು ಒಳ್ಳೆಯವರು, ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಕರವಸ್ತ್ರದಿಂದ ಮುಖ ಒರೆಸಿಕೊಂಡು, "ಇಟ್ಕೊಳ್ಳೋಣಮ್ಮ. ಈ ತಿಂಗಳು ಮುಗಿದ್ರೆ ಗ್ರಾಂಟು ವಾಪಸ್ ಹೋಗುತ್ತೆ," ಅಂದರು. ಸುದ್ದಿ ತಿಳಿದು ಅಪ್ಪನೂ ಅಂಗಡಿಯಿಂದ ಬಂದ. "ಮೇಡಮ್ಮೋರೇ, ಮನೆಗ್ ಬಂದ ಲಕ್ಷ್ಮೀನ ಒದೀಬಾರ್ದು."

"ಇದು ಲಕ್ಷ್ಮಿ ಅಲ್ಲ ಸರ್. ಬನ್ನಿ, ನೀವೇ ಕಣ್ಣಿಟ್ಟು ನೋಡಿ."

"ನಂಗೇನ್ ಗೊತ್ತಾಯ್ತದೆ ಅದ್ರಾಗೆ," ಅಂದ ಅಪ್ಪ ಕಣ್ಣಿಡಲಿಲ್ಲ.

ಮೇಡಂ ಜಗಲಿಯ ಆ ತುದಿಯಿಂದ ಈ ತುದಿಗೆ ನಡೆದರು. ತಿರುಗಿ ಬಂದು ಹೇಳಿದರು: "ಇದನ್ನ ಒಳಗಿಟ್ಕೊಂಡ್ರೆ ಈ ಶಾಲೇಲಿ ಲ್ಯಾಬ್ ಇದೆ ಅಂತ ಆಗೋಗುತ್ತೆ. ಆಮೇಲೆ ಯಾರೂ ನಮ್ಮನ್ನ ತಿರುಗಿ ನೋಡಲ್ಲ. ಸಾಮಾನು ಪರೀಕ್ಷೆ ಮಾಡಿ ಒಪ್ಕೋಬೇಕಾದೋಳು ನಾನು. ಒಪ್ಪಲ್ಲ. ತಗೊಂಡ್ ಹೋಗಿ."

ಟೆಂಪೋ ದೂಳೆಬ್ಬಿಸಿಕೊಂಡು ಹೋಯಿತು. ನಮ್ಮ ಪೈಕಿ ಚಿಕ್ಕವರು ಅತ್ತರು. ತಿಂಗಳು ಮುಗಿಯಿತು, ಬೇರೆ ಸಾಮಾನು ತರಿಸಲು ಆಗಲಿಲ್ಲ, ಅನುದಾನವೂ ಹೋಯಿತು.

ಆಮೇಲೆ ಊರಿನಲ್ಲಿ ಅವರನ್ನು ಮಾತಾಡಿಸುವವರೇ ಕಡಿಮೆಯಾದರು. ಬಸ್‌ಸ್ಟಾಪಿನಲ್ಲಿ ಗಂಡಸರು ಅವರಿಗೆ ಕೇಳಿಸುವ ಹಾಗೆ, "ಬಂದಿದ್ದನ್ನ ಒದ್ ಕಳ್ಸಿದ್ ಮಹಾತಾಯಿ," ಅನ್ನುತ್ತಿದ್ದರು. ಮನೆಯಲ್ಲಿ ಅಪ್ಪ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು. "ಆವಮ್ಮಂಗೆ ಹಠ ಕಣ್ರವ್ವ. ನಿಮ್ ಬಾಯಿಗ್ ಬಂದಿದ್ದನ್ನ ಕಿತ್ಕೊಂಡ್ಲು." ನಾನು ಮೇಡಂ ಪರ ವಾದಿಸುತ್ತಿದ್ದೆ. ಅಕ್ಕ ತಟ್ಟೆ ತೊಳೆಯಲು ಎದ್ದು ಹೋಗುತ್ತಿದ್ದಳು.

ಅಕ್ಕ ಒಳ್ಳೆಯ ಅಂಕ ತೆಗೆದು ಕಡೂರಿನಲ್ಲಿ ಪಿಯುಸಿ ಸೈನ್ಸ್ ಸೇರಿದಳು. ಮೊದಲ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಎಲ್ಲರೂ ಸೂಕ್ಷ್ಮದರ್ಶಕದ ಮುಂದೆ ಕೂತರಂತೆ. ಯಾವ ಕಣ್ಣು ಇಡಬೇಕು, ಯಾವ ತಿರುಪು ಮೊದಲು, ಅವಳಿಗೆ ತಿಳಿಯಲಿಲ್ಲ. ಪಕ್ಕದ ಹುಡುಗಿ ನಕ್ಕಳಂತೆ. ಅಚ್ಚಿನಂಥ ಚಿತ್ರ ಬರೆಯುತ್ತಿದ್ದ ಅಕ್ಕ ಅವತ್ತು ಮನೆಗೆ ಬಂದು, ಯಾರ ಮಾತೂ ಕೇಳದೆ, ಆರ್ಟ್ಸಿಗೆ ಬದಲಾಯಿಸಿಕೊಂಡಳು. "ಮಂಜೋ ಗಿಂಜೋ, ಒಂದ್ ಸಲ ಮುಟ್ಟಿದ್ರೂ ಸಾಕಿತ್ತು ನಂಗೆ," ಅಂದಳು.

ಅಕ್ಕ ಸೈನ್ಸ್ ಬಿಟ್ಟ ಸುದ್ದಿಯನ್ನು ಮೇಡಂಗೆ ಹೇಳಿದವಳು ನಾನೇ. ಅವರು ಕಿಟಕಿಯ ಸರಳು ಹಿಡಿದು ತುಂಬ ಹೊತ್ತು ನಿಂತರು. ಅವರು ಒಂದೇ ಕಡೆ ಅಷ್ಟು ಹೊತ್ತು ನಿಂತದ್ದು ಅದೊಂದೇ ಸಲ.

ಮುಂದಿನ ವಾರ ಅವರು ನಮ್ಮ ಅಂಗಡಿಗೆ ಬಂದರು. ತರೀಕೆರೆಯ ಕಾಲೇಜೊಂದರಲ್ಲಿ ಅವರ ಜೊತೆ ಓದಿದವರು ಪಾಠ ಮಾಡುತ್ತಿದ್ದರಂತೆ. ಭಾನುವಾರ ಲ್ಯಾಬು ತೆರೆದುಕೊಡಲು ಒಪ್ಪಿದ್ದಾರೆ, ಮಕ್ಕಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಕು, ಹೆಣ್ಣುಮಕ್ಕಳ ಮನೆಯವರು ಕಳಿಸುತ್ತಿಲ್ಲ, ಅಧ್ಯಕ್ಷರು ಜೊತೆಗೆ ಬಂದರೆ ಕಳಿಸುತ್ತಾರೆ ಅಂದರು. ಅಪ್ಪ ತಕ್ಕಡಿ ಒರೆಸುತ್ತಲೇ ಇದ್ದ. ಕಡೆಗೆ, "ಬತ್ತೀನಿ. ನಿಮಗೋಸ್ಕರ ಅಲ್ಲ, ಮಕ್ಕಳಿಗೋಸ್ಕರ," ಅಂದ.

"ನುಸಿ ಬಿದ್ದಿರೋ ಎಳೆಗಾಯಿ ಒಂದಷ್ಟು ತನ್ನಿ," ಅಂದು ಮೇಡಂ ಬಸ್ಸಿಗೆ ಓಡಿದರು.

ಆ ವರ್ಷಗಳಲ್ಲಿ ನಮ್ಮ ಕಡೆಯ ತೆಂಗಿಗೆಲ್ಲ ನುಸಿ ಹತ್ತಿತ್ತು. ಕಾಯಿ ಸೊಟ್ಟಗಾಗಿ, ಸಿಪ್ಪೆ ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಡುತ್ತಿತ್ತು. ನುಸಿ ನುಸಿ ಅನ್ನುತ್ತಿದ್ದರೇ ಹೊರತು ಅದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ. ಕೆಲವರು ಗಾಳಿ ಅಂದರು, ಕೆಲವರು ಬೋರ್‌ವೆಲ್ ನೀರಿನ ದೋಷ ಅಂದರು. ಅಪ್ಪ ಮೊಬೈಲ್ ಟವರು ಅನ್ನುತ್ತಿದ್ದ.

ತರೀಕೆರೆಯ ಆ ಲ್ಯಾಬಿನಲ್ಲಿ ಮೇಡಂ ಕಾಯಿಯ ತೊಟ್ಟು ಬಿಡಿಸಿ, ಅದರಡಿಯ ಬಿಳಿ ಭಾಗವನ್ನು ಕೆರೆದು ಗಾಜಿನ ಮೇಲಿಟ್ಟರು. ನಾವು ಒಬ್ಬೊಬ್ಬರಾಗಿ ನೋಡಿ ಕಿರುಚಿದೆವು. ಅಪ್ಪ ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ. ನಾನೇ ಹೋಗಿ ಅವನ ಕೈ ಹಿಡಿದು ಎಳೆದು ತಂದೆ. ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದ. ಬಹಳ ಹೊತ್ತು ಏಳಲಿಲ್ಲ.

"ಥೋ... ಹರಿದಾಡ್ತವಲ್ಲೇ," ಅಂದ. "ಹುಳದಂಗವೆ. ಇವಾ? ಇವುಗಳಾ ನಮ್ ಕಾಯಿ ತಿಂದಿದ್ದು?"

"ಇವೇ ಸರ್," ಅಂದರು ಮೇಡಂ. "ಅವತ್ತಿನ ಸಾಮಾನಲ್ಲಿ ಇದು ಕಾಣ್ತಿರ್ಲಿಲ್ಲ."

ಅಪ್ಪ ಬಸ್ಸಿನಲ್ಲಿ ನುಸಿ ಬಿದ್ದ ಕಾಯಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಕಡೂರು ಬಂದು ಮೇಡಂ ಇಳಿಯುವಾಗ ಎದ್ದು ನಿಂತ. "ನಾಳೆ ಆಫೀಸಿಗ್ ಹೋಗಾನ ಮೇಡಮ್ಮೋರೇ. ಈ ಸಲ ನಾನೇ ಮಾತಾಡ್ತೀನಿ." ಆ ವರ್ಷವೆಲ್ಲ ಇಬ್ಬರೂ ಸೇರಿ ಅಲೆದರು. ಹೊಸ ಅರ್ಜಿ, ಹೊಸ ಭರವಸೆ, ಮತ್ತೆ ಕಾಯುವುದು... ಮಂಜೂರಾಗುವ ಮೊದಲೇ ಮೇಡಂಗೆ ತರೀಕೆರೆಯ ಕಡೆಗೆ ವರ್ಗವಾಯಿತು. ಒಳ್ಳೆಯ ಸಾಮಾನು ಬಂದದ್ದು ಅವರು ಹೋದ ಮೇಲೆ. ಅಪ್ಪ ಪ್ರತಿಯೊಂದನ್ನೂ ಕಣ್ಣಿಟ್ಟು ನೋಡಿಯೇ ಇಳಿಸಿಕೊಂಡು, ಅಂಗಡಿಯಿಂದ ಅವರಿಗೆ ಫೋನು ಮಾಡಿದ. ಅವರು ಹೇಳಿದ್ದು ಇಷ್ಟೇ: "ಬೀಗ ಮಾತ್ರ ಹಾಕಿಸ್ಬೇಡಿ ಸರ್. ಒಡೆದ್ರೆ ಒಡೀಲಿ."

ಅದರಲ್ಲಿ ಕಲಿತವಳು ನಾನು, ಅಕ್ಕ ಅಲ್ಲ. ಇದು ನನ್ನನ್ನು ಎಂದೂ ಸುಮ್ಮನೆ ಬಿಟ್ಟಿಲ್ಲ. ಅವತ್ತು ಆ ಟೆಂಪೋ ವಾಪಸ್ ಹೋಗದಿದ್ದರೆ ಅಕ್ಕನಿಗೆ ಒಂದು ಮಂಜಿನ ಸೂಕ್ಷ್ಮದರ್ಶಕ ಸಿಗುತ್ತಿತ್ತು, ನನಗೆ ಏನೂ ಸಿಗುತ್ತಿರಲಿಲ್ಲವೇನೋ. ಮೇಡಂ ಅದನ್ನು ತೂಗಿ ನೋಡಿದ್ದರೇ? ಕೇಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಅವರ ನಂಬರು ಬದಲಾಗಿತ್ತು. ಹುಡುಕಿದರೆ ಸಿಗುತ್ತಿತ್ತು...

ಕಾಯಿಯ ವಾಸನೆ ಬಂದ ಮಾರನೆಯ ವಾರ ತರೀಕೆರೆಯಲ್ಲಿ ಶಿಕ್ಷಕರ ತರಬೇತಿ ಇತ್ತು. ಟೀ ಬಿಡುವಿನಲ್ಲಿ, ಮೇಡಂ ಜೊತೆ ಕೆಲಸ ಮಾಡಿದ್ದ ಒಬ್ಬರು ಸಿಕ್ಕಿದರು. ನಂಬರು ಕೇಳಿದೆ. "ಅಯ್ಯೋ, ಅವ್ರು ಹೋಗ್ಬಿಟ್ರಲ್ಲ ಕಣ್ರೀ, ಹೋದ್ ವರ್ಷ. ಹಾರ್ಟು," ಅಂದರು. ಟೀ ತಣ್ಣಗಾಯಿತು. ಮಧ್ಯಾಹ್ನದ ಕ್ಲಾಸು ತಲೆಗೆ ಹೋಗಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಅವಳು ಈಗ ಕಡೂರಿನಲ್ಲಿ ಬಟ್ಟೆ ಹೊಲಿಯುತ್ತಾಳೆ, ಸಂಸಾರ ಚೆನ್ನಾಗಿದೆ. ವಿಷಯ ಹೇಳಿದೆ. ಆ ಕಡೆ ಹೊಲಿಗೆ ಮಷೀನಿನ ಸದ್ದು ನಿಂತಿತು.

"ಇಷ್ಟ್ ವರ್ಷ ಅವ್ರನ್ನ ಬೈಕೊಂಡೇ ಬಂದೆ ಕಣೇ," ಅಂದಳು ಅಕ್ಕ. "ಇನ್ಮೇಲೆ ಯಾರನ್ನ ಬೈಕೊಳ್ಲಿ?"

ಅಜ್ಜಂಪುರದ ಬಸ್ಸು ಬಂತು, ಹೋಯಿತು. ನಾವಿಬ್ಬರೂ ಫೋನು ಇಡಲಿಲ್ಲ.