ಜೆರಾಕ್ಸ್ ಕೇಳುವವರು

ವಿಶ್ವವಿದ್ಯಾಲಯದ ಆಪ್ತ ಸಮಾಲೋಚನಾ ಕೇಂದ್ರದಲ್ಲಿ ಅಟೆಂಡರಕ್ಕನಿಗೆ ಹನ್ನೆರಡು ವರ್ಷದ ಅನುಭವ. ಮನಸ್ಸಿಗೆ ಸಂಕಟವಾಗಿ ಬರುವ ವಿದ್ಯಾರ್ಥಿಗಳಿಗೆ ಬಾಯಿಬಿಡಲು ಸಂಕೋಚ. ಬಾಗಿಲಲ್ಲೇ ನಿಂತು, "ಇಲ್ಲಿ ಜೆರಾಕ್ಸ್ ಮಾಡ್ತಾರಾ?" ಎಂದು ಕೇಳುತ್ತಾರೆ. ಕೈಯಲ್ಲಿ ಒಂದು ಹಾಳೆಯೂ ಇರುವುದಿಲ್ಲ. ಆ ಕಟ್ಟಡದಲ್ಲಿ ಜೆರಾಕ್ಸ್ ಮೆಷಿನ್ನೂ ಇಲ್ಲ. ಅಕ್ಕ ಅವರನ್ನು ಕೂರಿಸಿ, ನೀರು ಕೊಟ್ಟು, ಒಳಗಿರುವ ಸಮಾಲೋಚಕಿ ಮೇಡಂಗೆ ಸುದ್ದಿ ಮುಟ್ಟಿಸುತ್ತಿದ್ದಳು.

ಹೊಸದಾಗಿ ಬಂದ ಮ್ಯಾನೇಜರಿಗೆ ಈ ಪ್ರಶ್ನೆ ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. 'ಇಲ್ಲಿ ಜೆರಾಕ್ಸ್ ಮಾಡುವುದಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದರು. ಆ ವಾರ ಒಂದು ನರಪಿಳ್ಳೆಯೂ ಇತ್ತ ಸುಳಿಯಲಿಲ್ಲ. ಮೇಡಂ ನೊಣ ಹೊಡೆಯುತ್ತ ಕೂತರು.

"ನೋಡಿದ್ರಾ, ಕಾಟ ತಪ್ತು" ಎಂದು ಮ್ಯಾನೇಜರು ಬೀಗಿದರು.

"ಕಾಟ ಅಲ್ಲ ಸಾರ್, ನಮ್ಮ ಕೆಲಸಾನೇ ಅದು" ಎಂದ ಅಕ್ಕ, ಅವರ ಕಣ್ಣೆದುರೇ ಆ ಚೀಟಿಯನ್ನು ಪರಪರನೆ ಹರಿದುಹಾಕಿದಳು.

ಮಾರನೆಯ ದಿನ ಒಬ್ಬ ಹುಡುಗಿ ಬಾಗಿಲಿಗೆ ಬಂದಳು. ಕಣ್ಣು ಕೆಂಪಗಿತ್ತು, ಕೈ ಖಾಲಿಯಿತ್ತು.

"ಆಂಟಿ, ಇಲ್ಲಿ ಜೆರಾಕ್ಸ್..."

"ಮಾಡ್ತೀವಿ, ಬಾಮ್ಮ" ಎಂದು ಅಕ್ಕ ಕುರ್ಚಿ ಎಳೆದಳು. "ಮೆಷಿನ್ ಬಿಸಿ ಆಗೋವರೆಗೂ ಕೂತ್ಕೋ."